ಪಾಲಣ್ಣ ಹೇಳಿದ ಇಂಗ್ಲೀಷ್ ಸಿನಿಮಾ

ನಮ್ಮ ಹಿಟ್ಟಿನ ಗಿರಣಿಯ ಹಿಂದೆ ಒಂದು ಸಣ್ಣ ಕೋಣೆ ಇತ್ತು. ಮೊದಲು ಅದರಲ್ಲಿ ಡೀಸೆಲ್ ಇಂಜಿನ್ ಇಟ್ಟಿದ್ದೆವು. ಕರೆಂಟಿನ ಮೋಟರು ಕೂರಿಸಿದ ಮೇಲೆ ಇಂಜಿನ್ ಬೇಡವಾಯಿತು, ಕೋಣೆ ಖಾಲಿ ಬಿತ್ತು. ಎಪ್ಪತ್ತೈದನೇ ಇಸವಿಯಲ್ಲಿ ಜಗಳೂರು ಕಡೆಯ ಒಬ್ಬ ಹೆಂಗಸು ತಮ್ಮನನ್ನು ಕರೆದುಕೊಂಡು ಚನ್ನಗಿರಿಗೆ ಬಂದಳು. ಗಿರಣಿಯ ಮುಂದೆ ನಿಂತು, "ಕಾಳು ಹಸನು ಮಾಡಾಕೆ ಆಳು ಬೇಕೇನ್ರಿ" ಎಂದು ಕೇಳಿದಳು. ನಮ್ಮ ಯಜಮಾನರು ಒಂದು ಮೊರ ಕೊಟ್ಟು ಎರಡು ಸೇರು ಗೋಧಿ ಮುಂದಿಟ್ಟರು. ಅವಳು ಮೊರ ಆಡಿಸಿ ಕೆಳಗಿಟ್ಟಾಗ ಕಲ್ಲು ಒಂದು ಕಡೆ, ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ, ಗೆರೆ ಎಳೆದ ಹಾಗೆ ನಿಂತಿದ್ದವು. ಅವತ್ತೇ ಯಜಮಾನರು ಕೋಣೆಯ ಬೀಗ ತೆಗೆದುಕೊಟ್ಟರು.

ಅವಳ ಹೆಸರು ದೊಡ್ಡಕ್ಕ. ಗಂಡ ಮದುವೆಯಾದ ಎರಡನೇ ವರ್ಷವೇ ತೀರಿಕೊಂಡಿದ್ದ. ತಾಯಿಯೂ ಹೋದ ಮೇಲೆ ತಮ್ಮ ಪಾಲಣ್ಣನನ್ನು ಇವಳೇ ಸಾಕಿದ್ದಳು. ಇಲ್ಲಿಗೆ ಬರುವಾಗ ಅವನಿಗೆ ಇಪ್ಪತ್ತೆರಡು, ಅವಳಿಗೆ ನಲವತ್ತರ ಹತ್ತಿರ. ಅವನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ದೇವರು ಅವನಿಗೊಂದು ದನಿ ಕೊಟ್ಟಿದ್ದ. ಊರ ಹೊರಗಿನ ಟೆಂಟ್ ಸಿನಿಮಾದವರು ಅವನನ್ನು ಜಟಕಾದಲ್ಲಿ ಕೂರಿಸಿ, ಕೈಗೆ ಮೈಕು ಕೊಟ್ಟು, ಓಣಿ ಓಣಿ ಸುತ್ತಿಸುತ್ತಿದ್ದರು. ಅವನ ದನಿ ನಮ್ಮ ಓಣಿಗೆ ಬಂತೆಂದರೆ ಒಲೆಯ ಮೇಲೆ ಹಾಲು ಉಕ್ಕಿದ್ದೂ ನಮಗೆ ಗೊತ್ತಾಗುತ್ತಿರಲಿಲ್ಲ.

ಟೆಂಟಿಗೆ ವರ್ಷಕ್ಕೊಮ್ಮೆ ಇಂಗ್ಲೀಷ್ ಸಿನಿಮಾ ಬರುತ್ತಿತ್ತು. ಅದರ ಕತೆಯನ್ನು ಅಲ್ಲಿನ ಆಪರೇಟರ್ ಹೇಳಿಕೊಡುತ್ತಿದ್ದನಂತೆ, ಆಗ ನಮಗದು ಗೊತ್ತಿರಲಿಲ್ಲ, ಪಾಲಣ್ಣ ಅದನ್ನು ಮೈಕಿನಲ್ಲಿ ಹೇಳುತ್ತಿದ್ದ. ದೊಡ್ಡಕ್ಕ ಏನು ತಿಳಿದುಕೊಂಡಳೆಂದರೆ, ತಮ್ಮನಿಗೆ ಇಂಗ್ಲೀಷು ಬರುತ್ತದೆ ಎಂದು. ಗಿರಣಿಗೆ ಬಂದವರಿಗೆಲ್ಲ ಹೇಳುವಳು: "ನಮ್ಮ ತಮ್ಮಗೆ ಇಂಗ್ಲೀಷು ಬರ್ತೈತ್ರಿ. ಓದಿ ಬಂದಿದ್ದಲ್ಲ, ತಾನಾಗೇ ಬಂದೈತೆ." ಪಾಲಣ್ಣ ಅದನ್ನು ಕೇಳಿಸಿಕೊಂಡು ತಲೆ ಕೆರೆದುಕೊಳ್ಳುವನು. ಇಲ್ಲ ಅನ್ನಲಿಲ್ಲ. ಮಾಸಿದ ಸೀರೆಯ ಆ ಹೆಂಗಸಿಗೆ ಹೇಳಿಕೊಳ್ಳುವುದಕ್ಕೆ ಬೇರೆ ಯಾವ ಹೆಮ್ಮೆಯೂ ಇರಲಿಲ್ಲ, ಅದನ್ನು ಅವನು ಹೇಗೆ ಕಿತ್ತುಕೊಳ್ಳುತ್ತಾನೆ?

ಎಂಬತ್ಮೂರರಲ್ಲಿ ಟೆಂಟು ಎತ್ತಿದರು. ಅದೇ ಹೊತ್ತಿಗೆ ಊರಿಗೆ ವಿಡಿಯೋ ಬಂತು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿಯವರು ಕಲರ್ ಟೀವಿ, ಕ್ಯಾಸೆಟ್ ಹಾಕುವ ಯಂತ್ರ ಎರಡನ್ನೂ ಬಾಡಿಗೆಗೆ ಕೊಡುತ್ತಿದ್ದರು. ಪಾಲಣ್ಣ ಆ ಅಂಗಡಿಗೆ ಸೇರಿದ. ಕೈಗಾಡಿಯ ಮೇಲೆ ಹತ್ತಿಯ ಹಾಸಿಗೆ ಹಾಸಿ, ಅದರ ಮೇಲೆ ಟೀವಿ ಇಟ್ಟು, ಎಳೆಗೂಸನ್ನು ತರುವ ಹಾಗೆ ಮನೆಮನೆಗೆ ತರುತ್ತಿದ್ದ.

ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಗಿರಣಿಯೂ ಅವತ್ತು ನಿಲ್ಲುತ್ತಿತ್ತು. ಹಾಗಾಗಿ ಸೋಮವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಪಡಸಾಲೆಯಲ್ಲಿ ವಿಡಿಯೋ. ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡುತ್ತಿದ್ದೆವು. ಆದರೆ ಕನ್ನಡದ ಕ್ಯಾಸೆಟ್ಟುಗಳೆಲ್ಲ ಶನಿವಾರ, ಭಾನುವಾರವೇ ಮದುವೆ ಮನೆಗಳಿಗೆ ಹೋಗಿಬಿಡುತ್ತಿದ್ದವು. ಸೋಮವಾರಕ್ಕೆ ಉಳಿಯುತ್ತಿದ್ದದ್ದು ಇಂಗ್ಲೀಷಿನವು ಮಾತ್ರ. ಮೊದಲ ಸಲ ಜನ ಗೊಣಗಿದರು. ಪಾಲಣ್ಣ ಟೀವಿಯ ಸೌಂಡು ಪೂರ್ತಿ ಇಳಿಸಿ, ಪಕ್ಕದಲ್ಲಿ ಒಂದು ಕೋಲು ಹಿಡಿದು ನಿಂತು, ತಾನೇ ಕತೆ ಹೇಳಿದ. ಅವತ್ತಿನಿಂದ ನಮ್ಮ ಓಣಿಗೆ ಕನ್ನಡ ಸಿನಿಮಾ ಬೇಡವಾಯಿತು.

"ನೋಡ್ರಿ, ಈ ಟೋಪಿಯವನು ನಮ್ಮ ಬೈಲಪ್ಪನ ಹಂಗೆ," ಎನ್ನುವನು. "ಹೆಂಡ್ತಿ ಕೆಲಸಕ್ಕೆ ಕರೆದ್ರೆ ಕಿವುಡು, ಊಟಕ್ಕೆ ಕರೆದ್ರೆ ಮೂರು ಮನಿ ಆಚೆಯಿಂದ ಕೇಳ್ತೈತೆ."

ಎತ್ತಿನ ಗಾಡಿ ಹೊಡೆಯುವ ಬೈಲಪ್ಪ ಮುಂದೆಯೇ ಕೂತಿರುತ್ತಿದ್ದ. "ನಿನಗೆ ಹೆಂಡ್ತಿ ಇಲ್ಲಂತ ಹೊಟ್ಟೆಕಿಚ್ಚು. ಮುಂದಕ್ಕೆ ಹೇಳಲೇ," ಎನ್ನುವನು.

ದೊಡ್ಡಕ್ಕ ಕಂಬದ ಪಕ್ಕ ಕಾಲು ಮಡಚಿ ಕೂತು, ಟೀವಿಯನ್ನು ನೋಡಿದ್ದಕ್ಕಿಂತ ತಮ್ಮನ ಬಾಯಿಯನ್ನು ನೋಡಿದ್ದೇ ಹೆಚ್ಚು. ಹಿಂದಿನ ದಿನ ಅಂಗಡಿಯಲ್ಲಿ ಕ್ಯಾಸೆಟ್ಟನ್ನು ಸೌಂಡಿಲ್ಲದೆ ಒಂದು ಸಲ ಓಡಿಸಿ, ಮುಖಗಳನ್ನು ನೋಡಿ ಅವನು ಕತೆ ಕಟ್ಟುತ್ತಿದ್ದ ಎಂಬುದು ನಮಗೆ ಆಮೇಲೆ ತಿಳಿಯಿತು. ಸೌಂಡು ಇದ್ದರೆ ತನಗೆ ಗಲಿಬಿಲಿಯಾಗುತ್ತದೆ, ಬರೀ ಮುಖ ನೋಡಿದರೆ ಯಾರ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯುತ್ತದೆ ಎಂದು ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಹೇಳಿದ.

ಎಂಬತ್ತಾರನೇ ಇಸವಿ, ಯುಗಾದಿ ಕಳೆದ ಮೇಲೆ, ದೊಡ್ಡಕ್ಕ ಮೊರ ಹಿಡಿದು ಕೂತವಳು ಎಡಗೈ ಎತ್ತಲಾರದೆ ಇಳಿಸಿದ್ದನ್ನು ನೋಡಿದೆ. ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ.

"ಎದೆಯಾಗೆ ಒಂದು ಗಂಟು ಐತ್ರಿ ಅಮ್ಮಾರೆ. ಅಡಿಕೆಯಷ್ಟು. ನೋಯಂಗಿಲ್ಲ."

"ಯಾವಾಗಿಂದ?"

"ಹೋದ ದೀವಳಿಗೆಯಿಂದ. ತಮ್ಮಗೆ ಹೇಳಬ್ಯಾಡ್ರಿ. ಗಂಡು ಹುಡುಗ, ಅವನ ಹತ್ರ ಇಂಥದ್ದು ಹೆಂಗೆ ಹೇಳಾದು."

ನಾನೇ ಹೇಳಿದೆ. ಪಾಲಣ್ಣನ ಮುಖ ಗೋಡೆಯ ಸುಣ್ಣದ ಹಾಗಾಯಿತು. ಊರಿನ ಲೇಡಿ ಡಾಕ್ಟರು ಮುಟ್ಟಿ ನೋಡಿ, ದಾವಣಗೆರೆಯ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಈಗಲೇ ಕೊಯ್ದು ತೆಗೆದರೆ ಬದುಕುತ್ತಾಳೆ, ತಡ ಮಾಡಬೇಡಿ ಎಂದರು. ದೊಡ್ಡಕ್ಕನನ್ನು ಒಪ್ಪಿಸಲು ನನಗೂ ಅವನಿಗೂ ಹದಿನೈದು ದಿನ ಹಿಡಿಯಿತು. ಹುಟ್ಟಿದಾಗಿನಿಂದ ಆಸ್ಪತ್ರೆಯ ಹೊಸಿಲು ದಾಟಿದವಳಲ್ಲ. ಕೊನೆಗೆ ತಮ್ಮನಿಗೆ, "ಆಯ್ತು, ಗುರುವಾರ ಹೋಗಾನ. ನೀನು ಸಂಗಡ ಇರ್ತೀಯಲ್ಲ," ಎಂದಳು. ನಾನು ಒಂದು ಹೊಸ ಸೀರೆ, ಒಂದು ಲೋಟ, ಒಂದು ಚೊಂಬು ಚೀಲಕ್ಕೆ ಹಾಕಿಟ್ಟೆ.

ಆ ಗುರುವಾರಕ್ಕೆ ಮೊದಲು ಸೋಮವಾರ ಬಂತು.

ಅವತ್ತಿನ ಸಿನಿಮಾದ ಹೆಸರು ನನಗೆ ಗೊತ್ತಿಲ್ಲ. ಅದರಲ್ಲಿ ರಾಕ್ಷಸರಿಲ್ಲ, ಹಾರುವ ರಥವಿಲ್ಲ. ಇನ್ನು ಮುಂದೆ ಬರುವ ಕಾಲ ಅಂತೆ. ಆದರೆ ನೋಡಿದರೆ ನಿನ್ನೆ ಮೊನ್ನೆ ನಡೆದ ಹಾಗೇ ಇತ್ತು. ಬಸ್ಸು, ರೇಷನ್ನಿಗೆ ಸಾಲು ನಿಂತ ಜನ, ನಲ್ಲಿಯ ಮುಂದೆ ಖಾಲಿ ಕೊಡ. ನಗರಕ್ಕೆಲ್ಲ ಒಂದು ಕಾಯಿಲೆ ಬಂದಿದೆ. ಬಾಯಿಗೆ ಬಟ್ಟೆ ಕಟ್ಟಿದವರು ಮನೆಮನೆಗೆ ಬಂದು ಬಾಗಿಲ ಮೇಲೆ ಗುರುತು ಹಾಕುತ್ತಾರೆ. ಕಾಯಿಲೆಯವರನ್ನು ವ್ಯಾನಿನಲ್ಲಿ ಹಾಕಿಕೊಂಡು ಒಂದು ದೊಡ್ಡ ಬಿಳಿ ಕಟ್ಟಡಕ್ಕೆ ಒಯ್ಯುತ್ತಾರೆ. ಒಳಗೆ ಉದ್ದನೆಯ ಓಣಿಯಂಥ ಜಾಗ, ಎರಡೂ ಕಡೆ ಮಂಚ. ಬಿಳಿ ಕೋಟು ಹಾಕಿದ ಒಬ್ಬ ಹೆಂಗಸು ಒಬ್ಬೊಬ್ಬರ ಹತ್ತಿರ ಹೋಗಿ, ಹಿಂದೆ ಮುಂದೆ ಕಳ್ಳನೋಟ ನೋಡಿ, ಕತ್ತಿಗೆ ಸೂಜಿ ಚುಚ್ಚುತ್ತಾಳೆ. ಅವರು ಕಣ್ಣು ಮುಚ್ಚುತ್ತಾರೆ.

ಪಾಲಣ್ಣನಿಗೆ ಅವತ್ತು ಏನು ಆವೇಶ ಬಂದಿತ್ತೋ. ದನಿ ಇಳಿಸಿ ಹೇಳತೊಡಗಿದ.

"ಸರಕಾರದ ಹತ್ರ ಎಲ್ಲರಿಗೂ ಆಗೋವಷ್ಟು ಅನ್ನ ಇಲ್ಲ. ಅದಕ್ಕೆ ಏನ್ ಮಾಡ್ಯಾರೆ? ಕಾಯಿಲೆಯೋರನ್ನ ವಾಸಿ ಮಾಡ್ತೀವಂತ ಹೇಳಿ ಕರಕೊಂಡು ಹೋಗ್ತಾರೆ. ಮನಿಯೋರು ನಂಬಿ ಕಳಿಸ್ತಾರೆ. ನೋಡ್ರಿ ಈ ಬಿಳಿ ಕೋಟಿನಾಕೆ, ನಕ್ಕೋತ ಮಾತಾಡಿಸ್ತಾಳೆ. ಸೂಜಿ ಚುಚ್ಚಿದ್ಲು. ಮುಗೀತು. ಇದರೊಳಗೆ ಹೋದೋರು ಯಾರೂ ಹೊರಗೆ ಬಂದಿಲ್ಲ."

ಪಡಸಾಲೆಯಲ್ಲಿ ಯಾರೂ ಉಸಿರು ಬಿಡಲಿಲ್ಲ. ಬೈಲಪ್ಪ ಕೂಡ ಬೀಡಿ ಮರೆತು ಕೂತಿದ್ದ. ಜನ ಹಾಗೆ ಸುಮ್ಮನಾದಷ್ಟೂ ಪಾಲಣ್ಣ ಮೇಲೇರುತ್ತಿದ್ದ. ಅವನ ಕಣ್ಣಿಗೆ ನಾವು ಯಾರೂ ಕಾಣುತ್ತಿರಲಿಲ್ಲ. ನಾನು ಕಂಬದ ಕಡೆ ನೋಡಿದೆ. ದೊಡ್ಡಕ್ಕ ಸೆರಗನ್ನು ಎದೆಯ ಮೇಲೆ ಎಳೆದುಕೊಂಡು, ಅದನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ನಿಲ್ಲಿಸು ಎಂದು ನಾನು ಅನ್ನಬೇಕಿತ್ತು. ಅನ್ನಲಿಲ್ಲ. ಕತೆ ಎಲ್ಲಿಗೆ ಹೋಗುತ್ತದೆ ಎಂದು ನನಗೂ ನೋಡಬೇಕಿತ್ತು.

ಮುಗಿದ ಮೇಲೆ ಕಂಬಳಿ ತೆಗೆದೆವು. ಬೆಳಕು ಬಂತು. ದೊಡ್ಡಕ್ಕ ಕೂತಲ್ಲಿಂದಲೇ ಕೇಳಿದಳು: "ತಮ್ಮಾ, ಚುಚ್ಚಿದಾಗ ಅವರಿಗೆ ನೋವಾಗ್ತೈತಾ?"

ಅವನು ವೈರು ಸುತ್ತುತ್ತಾ, ಇನ್ನೂ ಕತೆಯೊಳಗೇ ಇದ್ದವನು, "ಇಲ್ಲಕ್ಕ, ನಿದ್ದೆ ಬಂದಂಗೆ ಆಗ್ತೈತೆ ಅಷ್ಟೆ," ಎಂದ.

ಗುರುವಾರ ಬೆಳಿಗ್ಗೆ ಬಸ್ಸಿನ ಹೊತ್ತಿಗೆ ದೊಡ್ಡಕ್ಕ ಮೊರ ಹಿಡಿದು ಗಿರಣಿಯ ಮುಂದೆ ಕೂತಿದ್ದಳು. ನಾನು ಕಟ್ಟಿದ್ದ ಚೀಲವನ್ನು ನಮ್ಮ ಬಾಗಿಲಿಗೆ ತಂದಿಟ್ಟಿದ್ದಳು. "ನಾನು ಬರಲ್ರಿ ಅಮ್ಮಾರೆ. ನಮ್ಮ ಕೋಣೆಯಾಗೆ ಸಾಯ್ತೀನಿ," ಎಂದಳು.

ಪಾಲಣ್ಣ ಅವಳ ಮುಂದೆ ನೆಲದ ಮೇಲೆ ಕೂತ. "ಅಕ್ಕಾ, ಅದು ಸಿನಿಮಾ."

"ಹೌದಪ್ಪ. ಮುಂದೆ ಬರೋ ಕಾಲ ಅಂದ್ಯಲ್ಲ. ಬಂದೈತೇನೋ ಯಾರಿಗೆ ಗೊತ್ತು. ರೇಷನ್ ಸಾಲು ನಮ್ಮೂರಾಗೂ ಐತೆ."

"ಸಿನಿಮಾದಾಗೂ ಹಂಗಿಲ್ಲಕ್ಕ. ನಾನು ಕಟ್ಟಿ ಹೇಳಿದ್ದು. ನಂಗೆ ಇಂಗ್ಲೀಷು ಬರಲ್ಲ. ಒಂದಕ್ಷರ ಬರಲ್ಲ."

ಅವಳು ಮೊರ ಆಡಿಸುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. "ಬರದೇ ಎರಡೂವರೆ ತಾಸು ಹೆಂಗೆ ಹೇಳ್ದೆ? ಮೂರು ವರ್ಷದಿಂದ ಅಷ್ಟು ಜನಕ್ಕೆ ಹೆಂಗೆ ಹೇಳ್ದೆ? ನನ್ನ ಬಸ್ಸು ಹತ್ತಿಸಾಕೆ ಸುಳ್ಳು ಹೇಳ್ತೀಯ. ಹುಟ್ಟಿದಾಗಿಂದ ನನ್ನ ಹತ್ರ ಸುಳ್ಳು ಹೇಳಿದೋನಲ್ಲ ನೀನು."

ಅವನು ನನ್ನ ಮುಖ ನೋಡಿದ. ನಾನೂ ಅವನಿಗೆ ಇಂಗ್ಲೀಷು ಬರುತ್ತದೆ ಎಂದೇ ನಂಬಿದ್ದವಳು.

ಅವನು ಬಿಡಲಿಲ್ಲ. ಹೈಸ್ಕೂಲಿನಲ್ಲಿ ಇಂಗ್ಲೀಷು ಕಲಿಸುತ್ತಿದ್ದ ಕಲ್ಲೇಶಪ್ಪ ಮೇಷ್ಟ್ರ ಮನೆಗೆ ಹೋಗಿ ಕಾಲು ಹಿಡಿದ. ಮುಂದಿನ ಸೋಮವಾರ ಅದೇ ಕ್ಯಾಸೆಟ್ಟನ್ನು ನಮ್ಮ ಪಡಸಾಲೆಗೆ ತಂದ. ಓಣಿಯವರನ್ನೆಲ್ಲ ಮನೆಮನೆಗೆ ಹೋಗಿ ಕರೆದ. ಕಂಬಳಿ ಕಟ್ಟಿದ ಮೇಲೆ ಟೀವಿಯ ಮುಂದೆ ನಿಂತು ಕೈಮುಗಿದ.

"ನಂಗೆ ಇಂಗ್ಲೀಷು ಬರಲ್ಲ. ಇಷ್ಟು ದಿವಸ ಹೇಳಿದ್ದೆಲ್ಲ ನನ್ನ ತಲೆಯಾಗೆ ಹುಟ್ಟಿದ್ದು. ಇವತ್ತು ಮೇಷ್ಟ್ರು ಖರೇ ಕತೆ ಹೇಳ್ತಾರೆ. ಕೇಳ್ರಿ."

ಮೊದಲು ಜನ ನಕ್ಕರು, ಇದೂ ಒಂದು ತಮಾಷೆ ಎಂದು. ಆಮೇಲೆ ಮುಖ ನೋಡಿ ಸುಮ್ಮನಾದರು. ಬೈಲಪ್ಪ ಹೇಳಿದ: "ಮೂರು ವರ್ಷ ನಮ್ಮ ಕಿವಿಗೆ ಹೂವು ಇಟ್ಟಿಯಲ್ಲೋ ಮಾರಾಯ. ಆ ಟೋಪಿಯವನು ನನ್ನಂಗೆ ಇರಲಿಲ್ಲ ಅನ್ನು ಹಂಗಾದ್ರೆ."

"ಇರಲಿಲ್ಲಪ್ಪ. ಯಾರೋ ಏನೋ."

"ನಂಗೆ ಅದೇ ಚಲೋ ಇತ್ತು," ಎಂದ ಬೈಲಪ್ಪ. ಅದರಲ್ಲಿ ಸಿಟ್ಟಿರಲಿಲ್ಲ. ಏನನ್ನೋ ಕಳೆದುಕೊಂಡ ಹಾಗಿತ್ತು.

ಮೇಷ್ಟ್ರು ಕುರ್ಚಿಯಲ್ಲಿ ಕೂತು ನಿಧಾನವಾಗಿ ಬಿಡಿಸಿ ಹೇಳಿದರು. ಆ ಕಟ್ಟಡದೊಳಗೆ ಒಂದು ಔಷಧಿ ಇದೆ. ಅದನ್ನು ದೊಡ್ಡ ಮನುಷ್ಯರಿಗೆ ಮಾತ್ರ ಕೊಡಬೇಕೆಂದು ಸರಕಾರದ ಹುಕುಂ. ಬಿಳಿ ಕೋಟಿನ ಹೆಂಗಸು ಡಾಕ್ಟರು. ಅವಳು ಅದನ್ನು ಕದ್ದು ಬಡವರಿಗೆ ಕೊಡುತ್ತಾಳೆ. ಸೂಜಿ ಚುಚ್ಚಿಸಿಕೊಂಡವರು ಮಲಗಿ ಎದ್ದು, ಹಿಂದಿನ ಬಾಗಿಲಿನಿಂದ ಮನೆಗೆ ಹೋಗುತ್ತಾರೆ. ಹೆದರಿ ಮನೆಯೊಳಗೆ ಅಡಗಿ ಕೂತವರೇ ಸತ್ತದ್ದು.

ಪಾಲಣ್ಣ ಗೋಡೆಗೆ ಒರಗಿ ನಿಂತಿದ್ದವನು ಹಾಗೇ ಜಾರಿ ಕೂತ. ಹಿಂದಿನ ವಾರ ಅವನೂ ಹಿಂದಿನ ಬಾಗಿಲಿನಿಂದ ಹೋಗುವ ಜನರನ್ನು ನೋಡಿದ್ದ. ಇವರು ಕತ್ತಲೆಯಲ್ಲಿ ಹೆಣ ಸಾಗಿಸುವವರು ಎಂದು ನಮಗೆ ಹೇಳಿದ್ದ.

ದೊಡ್ಡಕ್ಕ ಮೇಷ್ಟ್ರ ಮಾತನ್ನು ಪೂರ್ತಿ ಕೇಳಿದಳು. ಎದ್ದು ಹೋಗುವಾಗ ನನ್ನ ಕಿವಿಯಲ್ಲಿ ಹೇಳಿದಳು: "ಪಾಪ, ನನ್ನ ಸಲುವಾಗಿ ಮೇಷ್ಟ್ರ ಕೈಲೂ ಸುಳ್ಳು ಹೇಳಿಸ್ಯಾನೆ. ಎಲ್ಲರ ಮುಂದೆ ಮಾನ ಕಳಕೊಂಡ. ನಂಗೆ ಅದೇ ಸಂಕಟ."

ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಲೇಡಿ ಡಾಕ್ಟರು ಮನೆಗೇ ಬಂದು ಹೇಳಿದರು. ಅವರು ಬಿಳಿ ಕೋಟು ಹಾಕಿಕೊಂಡು ಬಂದಿದ್ದರು. ದೊಡ್ಡಕ್ಕ ಒಳಗಿನಿಂದ ಚಿಲಕ ಹಾಕಿಕೊಂಡಳು.

ಪಾಲಣ್ಣ ಅಂಗಡಿ ಬಿಟ್ಟ. ಕತೆ ಹೇಳು ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೂ ಹೇಳುತ್ತಿರಲಿಲ್ಲ. ನಮ್ಮ ಗಿರಣಿಯಲ್ಲೇ ಮೂಟೆ ಎತ್ತಿದ. ಅಕ್ಕನ ಕೋಣೆಯ ಮುಂದೆ ಕೂತು ಊಟದ ತಟ್ಟೆಯನ್ನು ಹಾಗೇ ದೂಡುತ್ತಿದ್ದ. ದಸರೆಯ ಹೊತ್ತಿಗೆ ಗಂಟು ಒಡೆದು ಹುಣ್ಣಾಯಿತು. ಒಂದು ದಿನ ಅವಳೇ ಕರೆದು ಹೇಳಿದಳು: "ನೀನು ಉಣ್ಣಂಗಿದ್ರೆ ನಾನು ಬರ್ತೀನಿ. ನಡಿ."

ಹೋಗುವ ದಿನ ಅವಳು ಓಣಿಯ ಪ್ರತಿ ಮನೆಗೂ ಹೋಗಿ, "ತಪ್ಪಾಗಿದ್ರೆ ಹೊಟ್ಟೆಯಾಗೆ ಹಾಕ್ಕೊಳ್ರಿ," ಎಂದು ಹೇಳಿ ಬಂದಳು. ನಮ್ಮ ಯಜಮಾನರ ಕಾಲಿಗೆ ಬಿದ್ದಳು. ಅವಳ ಮನಸ್ಸಿನಲ್ಲಿ ಅದು ವಾಸಿಯಾಗಲು ಹೋಗುವುದಾಗಿರಲಿಲ್ಲ. ತಮ್ಮನು ಅನ್ನ ಉಣ್ಣಲಿ ಎಂದು ಕೊಲ್ಲುವವರ ಹತ್ತಿರ ಹೋಗುವುದಾಗಿತ್ತು. ಅಷ್ಟು ತಿಳಿದೂ ಬಸ್ಸು ಹತ್ತಿದಳು.

ದೊಡ್ಡಾಸ್ಪತ್ರೆಯವರು ಕೈಲಾದದ್ದು ಮಾಡಿದರು. ಆರು ತಿಂಗಳು ಮೊದಲೇ ತರಬೇಕಿತ್ತು ಎಂದರಂತೆ. ಒಂಬತ್ತನೇ ದಿನ ಅಲ್ಲೇ ಹೋದಳು. ಕೊನೆಯ ದಿನ ನರ್ಸಮ್ಮ ಸೂಜಿ ತಂದಾಗ ದೊಡ್ಡಕ್ಕ ತಾನೇ ತೋಳು ಚಾಚಿ, "ನೋವಾಗಲ್ಲ ಅಂತ ನನ್ನ ತಮ್ಮ ಹೇಳ್ಯಾನೆ," ಎಂದಳಂತೆ. ಪಾಲಣ್ಣ ಇದನ್ನು ನನಗೆ ಒಂದೇ ಸಲ ಹೇಳಿದ.

ಓಣಿಯಲ್ಲಿ ಜನ ಏನೆಂದರು ಗೊತ್ತೇ? "ಹೇಳಿದಂಗೇ ಆತಲ್ಲ. ಒಳಗೆ ಹೋದೋಳು ಹೊರಗೆ ಬರಲಿಲ್ಲ." ಮೇಷ್ಟ್ರ ಕತೆಯನ್ನು ಎಲ್ಲರೂ ಮರೆತರು, ಪಾಲಣ್ಣನ ಕತೆ ಉಳಿಯಿತು. ಯಾರಿಗೆ ಜ್ವರ ಬಂದರೂ ದಾವಣಗೆರೆ ಎಂದ ಕೂಡಲೇ ಬಾಗಿಲು ಹಾಕಿಕೊಳ್ಳತೊಡಗಿದರು.

ಆಗ ಅವನು ಹೊಸದೊಂದು ಕೆಲಸ ಹಿಡಿದ. ಅದಕ್ಕೆ ಸಂಬಳವಿಲ್ಲ, ಹೆಸರಿಲ್ಲ. ಯಾರ ಮನೆಯಲ್ಲಿ ಆಸ್ಪತ್ರೆಗೆ ಹೋಗುವವರಿದ್ದರೂ ಅಲ್ಲಿ ಹೋಗಿ ಕೂರುವನು. "ನಾನು ಸಂಗಡ ಬರ್ತೀನಿ. ಅವರು ಹೊರಗೆ ಬರೋ ತನಕ ನಾನು ಬರಲ್ಲ," ಎನ್ನುವನು. ಕೆಲವರು ಬೈದು ಅಟ್ಟಿದರು. "ನಿನ್ನ ಬಾಯಿ ನೋಡೇ ನಮಗೆ ಹೆದರಿಕೆ," ಎಂದಳು ಎದುರು ಮನೆಯ ಚೌಡಕ್ಕ. ಅವನು ತಲೆ ತಗ್ಗಿಸಿ ನಿಂತು ಮತ್ತೆ ಮರುದಿನ ಹೋಗುವನು. ವಾಸಿಯಾದವರನ್ನು ಕರೆತರುವಾಗ ಬಸ್ ಸ್ಟ್ಯಾಂಡಿನಿಂದ ಗಾಡಿ ಮಾಡುತ್ತಿರಲಿಲ್ಲ. ಎಲ್ಲರೂ ಕಾಣುವ ಹಾಗೆ ಅವರನ್ನು ಓಣಿಯ ನಡುವೆ ನಡೆಸಿಕೊಂಡು ಬರುತ್ತಿದ್ದ. ತಾನು ಹತ್ತು ಹೆಜ್ಜೆ ಹಿಂದೆ, ಬಾಯಿ ಮುಚ್ಚಿಕೊಂಡು.

ಎಂಬತ್ತೆಂಟನೇ ಇಸವಿ ಮಾಘ ಮಾಸದಲ್ಲಿ ನಮ್ಮ ಯಜಮಾನರಿಗೆ ಎದೆನೋವು ಬಂತು. ಪಾಲಣ್ಣನೇ ನಮ್ಮ ಸಂಗಡ ದಾವಣಗೆರೆಗೆ ಬಂದ. ನಾಲ್ಕು ದಿನ ವರಾಂಡದಲ್ಲಿ ಮಲಗಿದ. ಐದನೇ ದಿನ ಬೆಳಗಿನ ಜಾವ ಮೂರು ಗಂಟೆಗೆ ಯಜಮಾನರು ತೀರಿಕೊಂಡರು.

ವ್ಯಾನಿನಲ್ಲಿ ತರುತ್ತಿದ್ದೆವು. ಊರು ಇನ್ನೇನು ಬಂತು ಎನ್ನುವಾಗ ಪಾಲಣ್ಣ ವ್ಯಾನು ನಿಲ್ಲಿಸಿದ. ನನ್ನ ಮುಂದೆ ಬಂದು ನಿಂತ.

"ಅಮ್ಮಾರೆ, ಚೌಡಕ್ಕನ ಸೊಸೆ ಕರಿಯಕ್ಕ ಇವತ್ತು ಏಳೂವರೆ ಬಸ್ಸಿಗೆ ಹೊರಡ್ತಾಳೆ. ಹೊಟ್ಟೆಯಾಗೆ ಗಡ್ಡೆ. ಒಂದು ತಿಂಗಳಿಂದ ಒಪ್ಪಿಸೀನಿ. ಸಾವ್ಕಾರ್ರನ್ನ ಹಿಂಗೆ ಮುಂದಿನ ಓಣಿಯಾಗೆ ತಂದ್ರೆ ಆಕೆ ಹೋಗಲ್ಲ. ಹಿಂದಿನ ಓಣಿಯಿಂದ ತರಾನ ಅಂತ ಕೇಳಾಕೆ ನಂಗೆ ನಾಲಿಗೆ ಬರವಲ್ದು."

ಗಿರಣಿ ಕಟ್ಟಿದ ಮನುಷ್ಯ, ಮೂವತ್ತು ವರ್ಷ ಮುಂದಿನ ಬಾಗಿಲಿನಿಂದ ತಲೆಯೆತ್ತಿ ಓಡಾಡಿದವರು. ಅವರನ್ನು ಕದ್ದ ಮಾಲಿನ ಹಾಗೆ ಹಿಂದಿನಿಂದ ತರಬೇಕು. ನನಗೆ ಅವನ ಮೇಲೆ ಸಿಟ್ಟು ಬಂತು. ನಿನ್ನ ಒಂದು ಸಿನಿಮಾಕ್ಕೆ ಇನ್ನೂ ಎಷ್ಟು ಮಂದಿ ತಲೆ ಕೊಡಬೇಕು ಎಂದು ಕೇಳಬೇಕೆನಿಸಿತು. ಅವನ ಮುಖ ನೋಡಿದೆ. ಕೇಳಲಿಲ್ಲ. ಡ್ರೈವರಿಗೆ ಹಿಂದಿನ ಓಣಿ ಎಂದು ಕೈ ತೋರಿಸಿದೆ.

ಆರೂಮುಕ್ಕಾಲಕ್ಕೆ ಯಜಮಾನರನ್ನು ನಮ್ಮ ಪದ್ಧತಿಯಂತೆ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದೆವು. ಬಾಗಿಲು ಹಾಕಿದೆ. ಮನೆಯಲ್ಲಿದ್ದ ನನ್ನ ನಾದಿನಿ ಬಾಯಿಗೆ ಸೆರಗು ತುರುಕಿಕೊಂಡು ಕೂತಳು. ಮುಕ್ಕಾಲು ತಾಸು ನಾನು ಅವರ ಪಾದ ಹಿಡಿದುಕೊಂಡು ಕೂತೆ, ದನಿ ತೆಗೆಯಲಿಲ್ಲ. ಎದುರು ಮನೆಯಲ್ಲಿ ಚೌಡಕ್ಕ ಸೊಸೆಗೆ, "ಚೊಂಬು ತಗೊಂಡ್ಯಾ, ಮೊಸರನ್ನ ತಗೊಂಡ್ಯಾ," ಎನ್ನುವುದು ಕೇಳುತ್ತಿತ್ತು. "ನಡೀರಿ, ಹೊತ್ತಾಗ್ತೈತೆ," ಎಂದ ಪಾಲಣ್ಣನ ದನಿಯೂ ಕೇಳಿತು. ಆಮೇಲೆ ಬಸ್ಸಿನ ಹಾರನ್ನು.

ಆಗ ದನಿ ತೆಗೆದು ಅತ್ತುಬಿಟ್ಟೆ.

ನಮ್ಮ ಯಜಮಾನರ ಮಣ್ಣಿಗೆ ಪಾಲಣ್ಣ ಬರಲಿಲ್ಲ, ಕರಿಯಕ್ಕನ ಸಂಗಡ ದಾವಣಗೆರೆಯಲ್ಲೇ ಉಳಿದ. ಸಾಕಿದ ಮನೆಯ ಮಣ್ಣಿಗೂ ಇಲ್ಲದ ಕೃತಘ್ನ ಎಂದು ಊರೆಲ್ಲ ಆಡಿಕೊಂಡಿತು. ಯಜಮಾನರು ಮನೆಗೆ ಬಂದ ಮೇಲೆ ತೀರಿಕೊಂಡರು ಎಂದೇ ಊರು ತಿಳಿದಿತ್ತು. ಆಸ್ಪತ್ರೆಯಲ್ಲೇ ಹೋದರೆಂದು ನಾನು ಯಾರಿಗೂ ಹೇಳಲಿಲ್ಲ, ಹೇಳಿದರೆ ಕರಿಯಕ್ಕನ ಮನೆಯವರು ಅರ್ಧಕ್ಕೇ ಅವಳನ್ನು ಕರೆದುಕೊಂಡು ಬರುತ್ತಿದ್ದರು. ಹದಿಮೂರನೇ ದಿನ ಮಧ್ಯಾಹ್ನ ಕಿಟಕಿಯಿಂದ ನೋಡಿದೆ. ಕರಿಯಕ್ಕ ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಓಣಿಯ ನಡುವೆ ಮೆಲ್ಲಗೆ ನಡೆದು ಬರುತ್ತಿದ್ದಳು. ಹತ್ತು ಹೆಜ್ಜೆ ಹಿಂದೆ ಅವನು. ನಮ್ಮ ಬಾಗಿಲ ಮುಂದೆ ಬಂದಾಗ ಕಾಲಿನ ಚಪ್ಪಲಿ ಬಿಟ್ಟು, ಅವನ್ನು ಕೈಯಲ್ಲಿ ಹಿಡಿದು, ಬಿಸಿಲಿಗೆ ಕಾದ ನೆಲದ ಮೇಲೆ ಬರಿಗಾಲಲ್ಲಿ ದಾಟಿ ಹೋದ.